ಕೇಳುವ ಕೋಣೆ: ಕಾವ್ಯವಾಚನದ ಆಲಿಕೆಗೆ ಸ್ಪೀಕರ್ ಇರಿಸುವ ಕ್ರಮ

ಧರ್ಮಪುರಿಯಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಾರಿಮಂಗಲಂನಲ್ಲಿ ಬೀದಿಯ ಮಾತು, ಅಂಗಡಿಯ ಫಲಕ, ಬಸ್ಸಿನ ಕೂಗು ಮುಖ್ಯವಾಗಿ ತಮಿಳಿನವು. ತಗಡೂರು ಎಂಬ ಹಳೆಯ ಹೆಸರಿನ ಧರ್ಮಪುರಿಯ ಸೀಮೆಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಮನೆಯೊಳಗೆ ಕನ್ನಡವನ್ನಾಡುವ ಕುಟುಂಬಗಳೂ ಈ ಭಾಗದಲ್ಲಿವೆ. ಆದರೆ ಶಾಸನವು ಅಕ್ಷರವನ್ನು ಉಳಿಸುತ್ತದೆಯೇ ಹೊರತು ಉಚ್ಚಾರಣೆಯನ್ನಲ್ಲ. ಇಂಥ ಊರಿನಲ್ಲಿ ಕನ್ನಡ ಕಾವ್ಯವನ್ನು ಅಭ್ಯಸಿಸುವವರಿಗೆ ಗಮಕಿಯ ಧ್ವನಿಮುದ್ರಿಕೆಯೇ ಗುರುವಾಗಬಲ್ಲದು. ಆ ಗುರುವಿನ ಮಾತು ಗೋಡೆ, ಬೀರು, ಮೇಜುಗಳ ನಡುವೆ ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಕಿವಿ ಹಿಡಿಯಬೇಕಾದುದು ಏನನ್ನು?

ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಇರುವುದು ಒಂದೇ ಅಕ್ಷರ. ಮಹಾಪ್ರಾಣವು ಆ ಭಾಷೆಯ ವರ್ಣವ್ಯವಸ್ಥೆಗೆ ಸೇರಿದುದಲ್ಲ. ಕನ್ನಡದ ಆಡುಮಾತಿನಲ್ಲೂ ಮಹಾಪ್ರಾಣ ಸಡಿಲವಾಗುವುದುಂಟು. ಆದ್ದರಿಂದ ದನ–ಧನ, ಕರ–ಖರ, ಬರ–ಭರಗಳ ವ್ಯತ್ಯಾಸವನ್ನು ಕಿವಿ ಪ್ರಯತ್ನಪೂರ್ವಕವಾಗಿ ಕಲಿಯಬೇಕಾಗುತ್ತದೆ. ಆ ವ್ಯತ್ಯಾಸ ಅಡಗಿರುವುದು ವ್ಯಂಜನದೊಡನೆ ಹೊರಡುವ ಕ್ಷಣಮಾತ್ರದ ಉಸಿರಿನಲ್ಲಿ. ಶ, ಸಗಳ ಭೇದವೂ ಅಷ್ಟೇ ಸೂಕ್ಷ್ಮವಾದುದು. ಅದು ಕೆಲವು ಸಾವಿರ ಹರ್ಟ್ಸ್‌ಗಳ ಮೇಲುಸ್ತರದಲ್ಲಿರುತ್ತದೆ. ಗಂಡುದನಿಯ ಮೂಲಸ್ವರವಾದರೋ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್‌ಗಳ ಆಸುಪಾಸಿನದು. ತಗ್ಗಿನ ನಾದ ಅತಿಯಾದರೆ ಮೇಲಿನ ಸೂಕ್ಷ್ಮ ಸದ್ದುಗಳು ಅದರಡಿ ಮುಚ್ಚಿಹೋಗುತ್ತವೆ.

ಗೋಡೆ ಮತ್ತು ಮೂಲೆ

ತಗ್ಗಿನ ನಾದವು ಸ್ಪೀಕರಿನಿಂದ ಎಲ್ಲ ದಿಕ್ಕಿಗೂ ಹರಡುತ್ತದೆ. ಹಿಂದೆ ಗೋಡೆಯಿದ್ದರೆ ಅದು ಮರಳಿ ಬಂದು ಮುಂದಿನ ನಾದದೊಡನೆ ಕೂಡಿ 6 ಡೆಸಿಬೆಲ್‌ವರೆಗೆ ಏರಬಹುದು. ಎರಡು ಗೋಡೆಗಳು ಸೇರುವ ಮೂಲೆಯಲ್ಲಿ ಈ ಏರಿಕೆ ಇನ್ನೂ ಹೆಚ್ಚು. ಮೂಲೆಯಲ್ಲಿರಿಸಿದ ಸ್ಪೀಕರಿನ ಮಾತು ಕೊಡದೊಳಗಿನಿಂದ ಬಂದಂತೆ ಕೇಳಿಸುವುದು ಇದರಿಂದಲೇ.

ಗೋಡೆಯಿಂದ ದೂರ ಸರಿಸಿದ ಮಾತ್ರಕ್ಕೆ ಎಲ್ಲವೂ ಸರಿಯಾಗದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಸ್ಪೀಕರಿನ ಮುಂಬದಿ ಗೋಡೆಯಿಂದ 50 ಸೆಂಟಿಮೀಟರ್ ದೂರವಿದ್ದರೆ ಪ್ರತಿಫಲಿತ ನಾದವು 1 ಮೀಟರ್ ಹೆಚ್ಚು ದಾರಿ ನಡೆಯುತ್ತದೆ. ಆಗ 172 ಹರ್ಟ್ಸ್ ಸುತ್ತಿನ ಸ್ವರಗಳು ಪರಸ್ಪರ ಎದುರಾಗಿ ಕುಗ್ಗುತ್ತವೆ. ಹಿಂಗೋಡೆ, ಪಕ್ಕದ ಗೋಡೆ, ನೆಲ ಮೂರರಿಂದಲೂ ಅಂತರ ಸಮವಾಗಿದ್ದರೆ ಒಂದೇ ಸ್ವರ ಮೂರು ಬಾರಿ ಪೆಟ್ಟು ತಿನ್ನುತ್ತದೆ. ಆದ್ದರಿಂದ ಮೂರು ಅಂತರಗಳೂ ಬೇರೆ ಬೇರೆಯಾಗಿರಲಿ. ಪೆಟ್ಟಿಗೆಯ ಬೆನ್ನಿನಲ್ಲಿ ಗಾಳಿಯ ರಂಧ್ರವಿದ್ದರೆ ಅದಕ್ಕೂ ಗೋಡೆಗೂ ನಡುವೆ ಗೇಣಿಗೆ ಕಡಿಮೆಯಿಲ್ಲದ ತೆರಪು ಬೇಕು.

ಬೀರು, ಮೇಜು, ಪುಸ್ತಕದ ಕಪಾಟು

ಸಣ್ಣ ಮನೆಗಳಲ್ಲಿ ಸ್ಪೀಕರಿಗೆ ದೊರೆಯುವ ಜಾಗ ಹೆಚ್ಚಾಗಿ ಉಕ್ಕಿನ ಬೀರುವಿನ ತಲೆ. ಅಲ್ಲಿ ಎರಡು ದೋಷಗಳಿವೆ: ಬೀರುವಿನ ತಗಡು ತಾನೂ ಕಂಪಿಸಿ ದನಿಗೂಡಿಸುತ್ತದೆ, ಚಾಪೆಯ ಮೇಲೆ ಕುಳಿತವರ ತಲೆಯ ಮೇಲಿಂದ ಸೂಕ್ಷ್ಮ ಸದ್ದುಗಳು ಹಾದುಹೋಗುತ್ತವೆ. ಸ್ಪೀಕರಿನ ಚಿಕ್ಕ ಬಾಯಿ, ಅಂದರೆ ಟ್ವೀಟರ್, ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಮೇಜಿನ ಮೇಲಿಡುವುದಾದರೆ ಮುಂದಿನ ಅಂಚಿಗೆ ತರಬೇಕು. ಹಿಂದೆ ಸರಿಸಿದರೆ ಮೇಜಿನ ಹಲಗೆಯೇ ಕನ್ನಡಿಯಂತೆ ದನಿಯನ್ನು ಪ್ರತಿಫಲಿಸುತ್ತದೆ. ಕಪಾಟಿನೊಳಗಾದರೆ ಸ್ಪೀಕರಿನ ಮುಖ ಕಪಾಟಿನ ಅಂಚಿಗೆ ಸಮನಾಗಿರಲಿ. ಅಕ್ಕಪಕ್ಕದ ತೆರಪನ್ನು ಪುಸ್ತಕಗಳಿಂದ ತುಂಬಬಹುದು. ಅಡಿಯಲ್ಲಿ ದಪ್ಪ ರಬ್ಬರ್ ಹಾಳೆಯನ್ನಿಟ್ಟರೆ ಹಲಗೆಯ ಕಂಪನ ತಗ್ಗುತ್ತದೆ. ಎರಡು ಸ್ಪೀಕರುಗಳೂ ಕೇಳುವವರೂ ಸಮಬಾಹು ತ್ರಿಭುಜದ ಮೂರು ತುದಿಗಳಂತಿರುವುದು ಉತ್ತಮ. ಆಗ ವಾಚನಕಾರರ ದನಿ ನಡುವಿನಿಂದ ಬಂದಂತೆ ಕೇಳುತ್ತದೆ.

ಮಾರ್ದನಿ ಮತ್ತು ಮಾತ್ರೆ

ಸಿಮೆಂಟಿನ ಸೂರು, ಬರಿಗೋಡೆ, ನುಣುಪಾದ ನೆಲವಿರುವ ಕೋಣೆಯಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಲಘುವಿನ ನಂತರದ ಮೌನ ತುಂಬಿಹೋಗಿ ಮರ, ಮಾರಗಳ ಅಂತರ ಮಸುಕಾಗುತ್ತದೆ. ಮಾತ್ರೆಯನ್ನೇ ಆಧರಿಸಿದ ಭಾಮಿನಿ ಷಟ್ಪದಿಯನ್ನು ಕೇಳುವವರಿಗೆ ಇದು ಸಣ್ಣ ನಷ್ಟವಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಅರ್ಥವಾಗದಷ್ಟು ಮಾರ್ದನಿಸುತ್ತಿದ್ದ ಉಪನ್ಯಾಸ ಕೊಠಡಿಯೊಂದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರಿಗೆ ಬಂದಿತು. ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಮೆತ್ತೆ ಹೆಚ್ಚಿದಂತೆ ಮಾರ್ದನಿ ಕುಗ್ಗುವುದನ್ನು ಅಳೆದು ತೋರಿಸಿದರು. ಮನೆಯಲ್ಲಿ ಹಾಸಿಗೆ, ಜಮಖಾನ, ದಪ್ಪ ಪರದೆ, ತುಂಬಿದ ಪುಸ್ತಕದ ಕಪಾಟುಗಳು ಅದೇ ಕೆಲಸವನ್ನು ಮಾಡುತ್ತವೆ. ಅದಕ್ಕೆ ಬೇಕಾದುದು ಹಣವಲ್ಲ, ಇರುವ ವಸ್ತುಗಳನ್ನು ಜರುಗಿಸುವ ಶ್ರಮ ಮಾತ್ರ.

ಅಭ್ಯಾಸ

1. ಸ್ಪೀಕರನ್ನು ಮೂಲೆಯಲ್ಲಿರಿಸಿ ಷಟ್ಪದಿಯ ಒಂದು ಪದ್ಯದ ವಾಚನವನ್ನು ಪುಸ್ತಕ ನೋಡದೆ ಕೇಳಿ ಬರೆದುಕೊಳ್ಳಿರಿ. ಸ್ಪೀಕರನ್ನು ಗೋಡೆಯಿಂದ ಮುಂದೆ, ಕಿವಿಯ ಮಟ್ಟಕ್ಕೆ ತಂದು ಅಷ್ಟೇ ಪರಿಚಯದ ಇನ್ನೊಂದು ಪದ್ಯವನ್ನು ಹಾಗೆಯೇ ಬರೆಯಿರಿ.

2. ಎರಡನ್ನೂ ಮುದ್ರಿತ ಪಾಠದೊಡನೆ ಹೋಲಿಸಿ, ತಪ್ಪಿದ ಮಹಾಪ್ರಾಣಗಳನ್ನೂ ದೀರ್ಘಸ್ವರಗಳನ್ನೂ ಗುರುತಿಸಿರಿ.

3. ದ್ವಿತೀಯಾಕ್ಷರ ಪ್ರಾಸವನ್ನು ಕಿವಿಯಿಂದಲೇ ಪತ್ತೆಹಚ್ಚಲು ಯಾವ ಬಾರಿ ಸುಲಭವಾಯಿತು ಎಂಬುದನ್ನು ಬರೆಯಿರಿ.

ಎರಡನೆಯ ಬಾರಿ ತಪ್ಪುಗಳು ಕಡಿಮೆಯಾಗಿದ್ದರೆ, ಮೊದಲ ಬಾರಿಯ ತಪ್ಪುಗಳಲ್ಲಿ ಗೋಡೆಯ ಪಾಲು ಎಷ್ಟೆಂಬುದು ತಿಳಿಯುತ್ತದೆ. ಉಳಿದ ತಪ್ಪುಗಳನ್ನು ಮರುಶ್ರವಣದಿಂದ ತಿದ್ದಿಕೊಳ್ಳಬಹುದು.