ಪಿರಮಿಡ್ಡುಗಳ ಕಾಲದ ಮಕ್ಕಳು

ಹುಬ್ಬಳ್ಳಿಗೆ ಸಮೀಪದಲ್ಲಿರುವ ಸುಳ್ಳ ಗ್ರಾಮವು ಎರೆಭೂಮಿಯ ಹಳ್ಳಿ. ಜ್ಯೇಷ್ಠಮಾಸದ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದು ಈ ಸೀಮೆಯ ವಾಡಿಕೆ. ಹಿರಿಯರು ಮಣ್ಣು ಹದಮಾಡಿ ಡುಬ್ಬ ಎತ್ತಿ ಕೋಡು ಮೂಡಿಸುವುದನ್ನು ಮಕ್ಕಳು ಕುಳಿತು ನೋಡುತ್ತಾರೆ, ನೋಡುತ್ತಲೇ ಕಲಿಯುತ್ತಾರೆ. ಇಂತಹ ಡುಬ್ಬವುಳ್ಳ ಮಣ್ಣಿನ ಗೂಳಿಗಳು ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ನವಶಿಲಾಯುಗದ ನೆಲೆಯಲ್ಲಿಯೂ ದೊರೆತಿವೆ. ಕನ್ನಡನಾಡಿನಲ್ಲಿ ಆ ಯುಗವು ಮೊದಲಾದಾಗ ದೂರದ ಈಜಿಪ್ಟಿನಲ್ಲಿ ಪಿರಮಿಡ್ಡುಗಳು ಮೇಲೇಳುತ್ತಿದ್ದವು.

ಗೀಜಾದ ಮಹಾಪಿರಮಿಡ್ಡನ್ನು ಖುಫು ಎಂಬ ಅರಸನಿಗಾಗಿ ಸುಮಾರು ಕ್ರಿ.ಪೂ. 2560ರ ವೇಳೆಗೆ ಕಟ್ಟಲಾಯಿತು. ಅದರ ಮೂಲ ಎತ್ತರ ಸುಮಾರು 146 ಮೀಟರ್. ಅಂದಿನ ಮಕ್ಕಳ ಬದುಕು ಗೋರಿಗಳ ಗೋಡೆಗಳ ಮೇಲೆ ಚಿತ್ರಿತವಾಗಿದೆ. ತಲೆಯ ಒಂದು ಮಗ್ಗುಲಲ್ಲಿ ಜಡೆ ಇಳಿಬಿಟ್ಟು, ಬಾಯಿಯ ಬಳಿ ಬೆರಳಿಟ್ಟುಕೊಂಡು ನಿಂತಿರುವುದೇ ಮಗುವಿನ ಗುರುತು. ಸಕ್ಕಾರದ ಮೆರೆರುಕನ ಗೋರಿಯಲ್ಲಿ ಬಾಲಕ ಬಾಲಕಿಯರ ಆಟಗಳನ್ನು ಕೆತ್ತಿದ್ದಾರೆ. ಅರಮನೆಯಲ್ಲಿ ರಾಜನ ಮಕ್ಕಳೊಡನೆ ಬೆಳೆದ ಪ್ತಾಹ್‌ಶೆಪ್ಸೆಸ್ ಎಂಬಾತನು ಆ ಹೆಮ್ಮೆಯನ್ನು ಕಲ್ಲಿನಲ್ಲಿ ಬರೆಯಿಸಿದ್ದಾನೆ. ಆದರೆ ಇಂತಹ ಭಾಗ್ಯ ಕೆಲವರದು ಮಾತ್ರ. 1990ರಲ್ಲಿ ಗೀಜಾದ ಬಳಿ ಪತ್ತೆಯಾದ ಕೆಲಸಗಾರರ ಸ್ಮಶಾನದಲ್ಲಿ ಹೆಂಗಸರ ಮತ್ತು ಮಕ್ಕಳ ಸಮಾಧಿಗಳೂ ಇವೆ. ಪಿರಮಿಡ್ಡಿನ ನೆರಳಿನಲ್ಲಿ ದುಡಿಯುವವರ ಸಂಸಾರಗಳೂ ನೆಲೆಸಿದ್ದವೆಂಬುದಕ್ಕೆ ಇದೇ ಸಾಕ್ಷಿ.

ಕನ್ನಡನಾಡಿನಲ್ಲಿ ಆಗ ಅರಸರಿರಲಿಲ್ಲ, ಬರಹವಿರಲಿಲ್ಲ. ಕೃಷ್ಣಾ ತುಂಗಭದ್ರೆಗಳ ಸೀಮೆಯಲ್ಲಿ ದನಕರುಗಳನ್ನು ಸಾಕುವ ಜನರು ಬೆಟ್ಟಗಳ ಮೇಲೆಯೂ ತಪ್ಪಲಿನಲ್ಲಿಯೂ ನೆಲೆಸತೊಡಗಿದ್ದರು. ಸಾವಿರ ವರ್ಷಗಳಿಗೂ ಮಿಕ್ಕಿ ಈ ಬದುಕು ಮುಂದುವರಿಯಿತು. ದನಗಳ ಸಗಣಿಯನ್ನು ಗುಡ್ಡೆಹಾಕಿ ಸುಟ್ಟುದರಿಂದಾದ ಬೂದಿದಿಬ್ಬಗಳು ಇಂದಿಗೂ ಉಳಿದಿವೆ. ಹುರುಳಿ, ಹೆಸರು, ಕೊರಲೆ ಅವರ ಬೆಳೆಗಳು. ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿಗಳನ್ನು ಹೇರಳವಾಗಿ ತಯಾರಿಸುತ್ತಿದ್ದರು. ಪಾಠಶಾಲೆಯಿಲ್ಲದ ಆ ಕಾಲದಲ್ಲಿ ಕರು ಕಾಯುವುದನ್ನೂ ಕೊಡಲಿ ಉಜ್ಜುವುದನ್ನೂ ಮಕ್ಕಳು ಹಿರಿಯರ ಕೈ ನೋಡಿಯೇ ಕಲಿತಿರಬೇಕು.

ಅವರಲ್ಲಿ ಎಲ್ಲರೂ ಬೆಳೆದು ದೊಡ್ಡವರಾಗಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. 1963ರಿಂದ 1965ರವರೆಗೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರೂ ಕೆ. ಸಿ. ಮಲ್ಹೋತ್ರ ಅವರೂ ನೆಲವನ್ನು ಅಗೆದು ನೋಡಿದರು. ಎರಡೂ ಕಡೆಗಳಲ್ಲಿ ಗುಡಿಸಲುಗಳಿದ್ದ ನೆಲದಲ್ಲಿಯೇ ಮಡಕೆಗಳು ದೊರೆತವು. ಅವುಗಳಲ್ಲಿ ಇದ್ದುದು ಧಾನ್ಯವಲ್ಲ, ಹಸುಗೂಸುಗಳ ಎಲುಬುಗಳು! ವಯಸ್ಕರನ್ನು ಗುಂಡಿಯಲ್ಲಿ ನೀಳವಾಗಿ ಮಲಗಿಸಿ ಹೂಳುತ್ತಿದ್ದ ಆ ಜನ ಶಿಶುಗಳಿಗೆ ಮಾತ್ರ ಮಡಕೆಯ ಆಸರೆ ಕೊಟ್ಟರು. ಬೆಟ್ಟದ ತುಂಬ ಬಯಲಿದ್ದರೂ ತಾವು ಉಂಡು ಮಲಗುವ ಎಡೆಯ ಬಳಿಯಲ್ಲಿಯೇ ಇರಿಸಿಕೊಂಡರು. ಕೂಸನ್ನು ಒಂಟಿಯಾಗಿ ದೂರ ಬಿಡಲು ಹೆತ್ತವರಿಗೆ ಮನಸ್ಸಾಗಲಿಲ್ಲವೋ ಏನೋ!

ಈಜಿಪ್ಟಿನ ಸಾಮಾನ್ಯ ಜನರೂ ಹಸುಗೂಸುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದುದುಂಟು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳದ ಎರಡು ನಾಡುಗಳಲ್ಲಿ ಹೆತ್ತವರ ದುಃಖ ಒಂದೇ ದಾರಿಯನ್ನು ಹಿಡಿಯಿತು. ಅರಸನ ಗೋರಿಯನ್ನು ಕಾಣಲು ಜಗತ್ತಿನ ಜನ ಗೀಜಾಕ್ಕೆ ಹೋಗುತ್ತಾರೆ. ತೆಕ್ಕಲಕೋಟೆಯ ಕೂಸಿಗೆ ಹೆಸರೂ ಇಲ್ಲ, ಶಾಸನವೂ ಇಲ್ಲ. ಆದರೂ ಅದನ್ನು ಪ್ರೀತಿಸಿದವರಿದ್ದರೆಂಬುದನ್ನು ಒಂದು ಮಣ್ಣಿನ ಮಡಕೆ ನಾಲ್ಕು ಸಾವಿರ ವರ್ಷಗಳ ಬಳಿಕವೂ ಹೇಳುತ್ತಿದೆ.

ಅಭ್ಯಾಸ

1. ಈಜಿಪ್ಟಿನ ಚಿತ್ರಗಳಲ್ಲಿ ಮಗುವನ್ನು ಗುರುತಿಸುವುದು ಹೇಗೆ?
2. ನವಶಿಲಾಯುಗದ ಜನರು ವಯಸ್ಕರನ್ನೂ ಶಿಶುಗಳನ್ನೂ ಹೂಳುತ್ತಿದ್ದ ಕ್ರಮಗಳಲ್ಲಿದ್ದ ವ್ಯತ್ಯಾಸವೇನು?
3. ಬರಹವಿಲ್ಲದ ಕಾಲದ ಜನಜೀವನವು ನಮಗೆ ಹೇಗೆ ತಿಳಿದುಬರುತ್ತದೆ? ಪಾಠದ ಆಧಾರದಿಂದ ವಿವರಿಸಿರಿ.