ಉದುರುವ ಕಾಯಿಗೆ ಸಂವೇಗ ಎಲ್ಲಿಂದ ಬಂತು?

ಪ್ರಶ್ನೆ: ಒಟ್ಟು ಸಂವೇಗ (ದ್ರವ್ಯರಾಶಿ × ವೇಗ) ಬದಲಾಗುವುದಿಲ್ಲ ಎಂದು ಓದಿದ್ದೇವೆ. ಆದರೆ ಮರದಿಂದ ಉದುರಿದ ತೆಂಗಿನಕಾಯಿಯ ವೇಗ ನೆಲ ಮುಟ್ಟುವವರೆಗೂ ಏರುತ್ತಲೇ ಹೋಗುತ್ತದೆ. ಇಲ್ಲಿ ನಿಯಮ ತಪ್ಪಿತಲ್ಲವೇ?
– 9ನೇ ತರಗತಿ ವಿದ್ಯಾರ್ಥಿನಿ, ಮದ್ದೂರು

ಉತ್ತರ: ಒಳ್ಳೆಯ ಅನುಮಾನ. 'ಹೊರಗಿನ ಬಲ ಇಲ್ಲದಿದ್ದರೆ' ಎಂಬ ಷರತ್ತಿನಲ್ಲೇ ನಿಯಮದ ಜೀವ ಇದೆ. ಕಾಯಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಭೂಮಿಯ ಸೆಳೆತ ಹೊರಗಿನ ಬಲವಾಗುತ್ತದೆ, ಸಂವೇಗ ಬದಲಾಗಲೇಬೇಕು. ಈಗ ಭೂಮಿಯನ್ನೂ ಸೇರಿಸಿಕೊಳ್ಳಿ. 10 ಮೀಟರ್ ಎತ್ತರದಿಂದ ಬಿದ್ದ 1.5 ಕೆ.ಜಿ. ಕಾಯಿ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಸಂವೇಗ 21 ಕೆ.ಜಿ. ಮೀಟರ್/ಸೆಕೆಂಡ್, ಕೆಳಮುಖವಾಗಿ. ಕಾಯಿಯೂ ಭೂಮಿಯನ್ನು ಅಷ್ಟೇ ಬಲದಿಂದ ಸೆಳೆಯುವುದರಿಂದ ಭೂಮಿಗೆ ಅಷ್ಟೇ ಸಂವೇಗ ಮೇಲ್ಮುಖವಾಗಿ ಬಂದಿರುತ್ತದೆ. ಎರಡನ್ನೂ ಕೂಡಿದರೆ ಸೊನ್ನೆ. ಭೂಮಿಯ ದ್ರವ್ಯರಾಶಿ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕೆ.ಜಿ.; ಹಾಗಾಗಿ ಅದರ ವೇಗ ಯಾವ ಅಳತೆಗೂ ಸಿಗುವುದಿಲ್ಲ.

ಹೊರಗಿನ ಬಲಗಳಿದ್ದೂ ಅವು ಒಂದಕ್ಕೊಂದು ಸರಿಹೋದರೆ ಸಂವೇಗ ಬದಲಾಗದು. ಎಳನೀರು ಗೊನೆಯನ್ನು ಒಡೆಯದಂತೆ ಹಗ್ಗ ಕಟ್ಟಿ ಇಳಿಸುವುದನ್ನು ಗಮನಿಸಿ. ಹಗ್ಗವನ್ನು ಒಂದೇ ಸಮನೆ ಬಿಡುತ್ತಾ ಹೋದರೆ ಗೊನೆಯೂ ಒಂದೇ ವೇಗದಲ್ಲಿ ಇಳಿಯುತ್ತದೆ. ಹಗ್ಗದ ಎಳೆತಕ್ಕೂ ಭೂಮಿಯ ಸೆಳೆತಕ್ಕೂ ಸರಿಹೋಗಿ ಒಟ್ಟು ಬಲ ಸೊನ್ನೆಯಾಗಿದೆ; ಗೊನೆಯ ಸಂವೇಗ ಬದಲಾಗುವುದಿಲ್ಲ.

ಪ್ರಶ್ನೆ: ಟಿಪ್ಪುವಿನ ಕಾಲದ ರಾಕೆಟ್ಟುಗಳು ಗಾಳಿಯನ್ನು ತಳ್ಳಿ ಹಾರುತ್ತಿದ್ದವೇ?
– ಓದುಗರು, ಮಳವಳ್ಳಿ

ಉತ್ತರ: ಇಲ್ಲ. ಮೈಸೂರಿನ ಸೈನಿಕರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದರು. 1780ರ ಪೊಲ್ಲಿಲೂರು ಯುದ್ಧದಲ್ಲೂ ಇವನ್ನು ಬಳಸಿದ್ದರು. ಉರಿದ ಮದ್ದಿನ ಅನಿಲ ಹಿಮ್ಮುಖವಾಗಿ ಎಷ್ಟು ಸಂವೇಗ ಒಯ್ಯುತ್ತದೋ ಅಷ್ಟನ್ನು ರಾಕೆಟ್ಟು ಮುಮ್ಮುಖವಾಗಿ ಪಡೆಯುತ್ತದೆ. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದ ಅನಿಲ ಜೋರಾಗಿ ಚಿಮ್ಮುತ್ತಿತ್ತು, ರಾಕೆಟ್ಟು ದೂರ ಹೋಗುತ್ತಿತ್ತು. ಇಸ್ರೋ ರಾಕೆಟ್ಟುಗಳು ಗಾಳಿಯೇ ಇಲ್ಲದ ಕಡೆ ಸಾಗುವುದೂ ಇದೇ ನಿಯಮದಿಂದ.

ಪ್ರಶ್ನೆ: ಸಂವೇಗದ ನಿಯಮವನ್ನು ಖರ್ಚಿಲ್ಲದೆ ತರಗತಿಯಲ್ಲಿ ತೋರಿಸುವುದು ಹೇಗೆ?
– ಶಿಕ್ಷಕರು, ಕೊಪ್ಪ

ಉತ್ತರ: ಎರಡು ಸ್ಕೇಲುಗಳ ನಡುವೆ ಒಂದೇ ಗಾತ್ರದ ಐದು ಗೋಲಿಗಳನ್ನು ತಾಗಿಸಿಡಿ. ಒಂದು ಗೋಲಿಯಿಂದ ಹೊಡೆದರೆ ಆ ತುದಿಯಿಂದ ಒಂದು ಹೊರಡುತ್ತದೆ, ಎರಡರಿಂದ ಹೊಡೆದರೆ ಎರಡು. 'ಒಂದೇ ಗೋಲಿ ಎರಡರಷ್ಟು ವೇಗದಲ್ಲಿ ಯಾಕೆ ಹೋಗಲಿಲ್ಲ?' ಎಂದು ಮಕ್ಕಳನ್ನು ಕೇಳಿ. ಹಾಗಾದರೂ ಸಂವೇಗದ ಲೆಕ್ಕ ಸರಿಹೋಗುತ್ತದೆ; ಆದರೆ ಚಲನಶಕ್ತಿ ದುಪ್ಪಟ್ಟಾಗಬೇಕು, ಅದು ಬರಲು ದಾರಿಯಿಲ್ಲ. ಮಕ್ಕಳು ತಾವೇ ಈ ಗುಣಾಕಾರ ಮಾಡಲಿ. ಸೂತ್ರ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಹೆಚ್ಚು ಕಾಲ ನಿಲ್ಲುತ್ತದೆ.