ಇಪ್ಪತ್ತರ ಹರೆಯದ ಸೋಲು: ಮತ್ತೆ ಎದ್ದು ನಿಲ್ಲುವುದು ಹೇಗೆ?

‘ರಾತ್ರಿ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಸದಾ ತಲೆನೋವು ಅಂತಾನೆ. ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ’ ಎಂದು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಮಗನನ್ನು ತಾಯಂದಿರು ಕರೆತರುವುದು ನಮ್ಮಂಥ ವೈದ್ಯರಿಗೆ ಹೊಸದಲ್ಲ. ಸಮಾಧಾನದಿಂದ ವಿಚಾರಿಸಿದರೆ ಬೇರೆಯದೇ ಸಂಗತಿ ಹೊರಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಪಟ್ಟಿಯಲ್ಲಿ ಮೂರನೇ ಸಲವೂ ಹೆಸರಿಲ್ಲ. ಇದ್ದ ಕೆಲಸ ಹೋಗಿದೆ. ನಿಶ್ಚಯವಾಗಿದ್ದ ಮದುವೆ ಮುರಿದಿದೆ. ಹೆಣ್ಣುಮಕ್ಕಳಲ್ಲೂ ಇದೇ ಕಥೆ. ಮನಸ್ಸಿನ ನೋವು ದೇಹದ ಮೂಲಕ ಮಾತನಾಡುತ್ತಿರುತ್ತದೆ.

ಈ ವಯಸ್ಸೇ ಏಕೆ?

ಓದು, ಉದ್ಯೋಗ, ಮದುವೆ ಎಂಬ ಮೂರು ದೊಡ್ಡ ತೀರ್ಮಾನಗಳೂ ಸಾಮಾನ್ಯವಾಗಿ ಈ ಹತ್ತು ವರ್ಷಗಳಲ್ಲೇ ಬರುತ್ತವೆ. ಮುಂದಾಲೋಚನೆ, ಸಂಯಮಗಳನ್ನು ನಿರ್ವಹಿಸುವ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಆದ್ದರಿಂದ ‘ಒಂದು ಬಾಗಿಲು ಮುಚ್ಚಿತು’ ಎನ್ನುವುದು ಈ ವಯಸ್ಸಿನವರಿಗೆ ‘ಎಲ್ಲವೂ ಮುಗಿಯಿತು’ ಎಂದು ಕಾಣಬಹುದು. ಅದು ಕೇವಲ ಹಟವಾಗಲಿ, ಸೋಮಾರಿತನವಾಗಲಿ ಅಲ್ಲ.

ದುಃಖವೋ, ಕಾಯಿಲೆಯೋ?

ಸೋತಾಗ ಅಳುವುದು, ಕೆಲವು ದಿನ ಯಾರೊಂದಿಗೂ ಬೆರೆಯದಿರುವುದು ಸಹಜ. ಅದಕ್ಕೆ ಔಷಧಿ ಬೇಡ. ಆದರೆ ದಿನದ ಬಹುಪಾಲು ಬೇಸರ, ಮೊದಲು ಇಷ್ಟಪಡುತ್ತಿದ್ದ ಆಟ, ಹಾಡು, ಗೆಳೆಯರಲ್ಲೂ ನಿರಾಸಕ್ತಿ, ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ವಿಪರೀತ ಸುಸ್ತು, ‘ನಾನು ಪ್ರಯೋಜನಕ್ಕೆ ಬಾರದವನು’ ಎಂಬ ಭಾವನೆ - ಇಂಥ ಹಲವು ಲಕ್ಷಣಗಳು ಎರಡು ವಾರ ಕಳೆದರೂ ಬಿಡದಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ.

ರಕ್ತಹೀನತೆ, ಥೈರಾಯಿಡ್ ದೋಷ, ಬಿ-12 ಜೀವಸತ್ವದ ಕೊರತೆಗಳಲ್ಲೂ ಇದೇ ಬಗೆಯ ಸುಸ್ತು ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಮೊದಲು ನಿಮ್ಮ ಕುಟುಂಬ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಉತ್ಸಾಹಕ್ಕಾಗಿ ಕಾಯಬೇಡಿ

‘ಮನಸ್ಸು ಸರಿಹೋದ ಮೇಲೆ ಕೆಲಸ ಶುರುಮಾಡುತ್ತೇನೆ’ ಎಂದು ಅನೇಕರು ಹೇಳುತ್ತಾರೆ. ವಾಸ್ತವವಾಗಿ ನಡೆಯುವುದು ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಕೋಣೆಯೊಳಗೆ ಮಲಗಿದಷ್ಟೂ ಬೇಸರ ಹೆಚ್ಚುತ್ತದೆ. ಬೇಸರ ಹೆಚ್ಚಿದಷ್ಟೂ ಏಳಲು ಮನಸ್ಸಾಗದು. ಈ ಸುತ್ತನ್ನು ಮುರಿಯಲು ಚಿಕ್ಕ ಕೆಲಸಗಳೇ ಸಾಕು:

* ರಾತ್ರಿ ನಿದ್ದೆ ಬರಲಿ, ಬಿಡಲಿ, ಬೆಳಿಗ್ಗೆ ನಿಗದಿತ ವೇಳೆಗೆ ಏಳಿ.
* ದಿನವೂ ಅರ್ಧ ಗಂಟೆ ಬಿಸಿಲು, ಗಾಳಿಯಲ್ಲಿ ಚುರುಕಾಗಿ ನಡೆಯಿರಿ.
* ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮನೆಯವರ ಜೊತೆ ಕುಳಿತು.
* ಹಾಸಿಗೆಗೆ ಮೊಬೈಲ್ ಒಯ್ಯಬೇಡಿ. ಇತರರ ಗೆಲುವಿನ ಚಿತ್ರಗಳನ್ನು ನಡುರಾತ್ರಿ ನೋಡುವುದರಿಂದ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ.
* ಮದ್ಯದಿಂದ ದುಃಖ ಮರೆಯುವುದಿಲ್ಲ. ಅದು ಖಿನ್ನತೆಯನ್ನು ಹೆಚ್ಚಿಸುತ್ತದೆ, ನಿದ್ದೆಯನ್ನು ಕೆಡಿಸುತ್ತದೆ.
* ದಿನಕ್ಕೆ ಒಂದು ಕೆಲಸವನ್ನು ಪೂರ್ತಿ ಮಾಡಿ. ಸೈಕಲ್ ತೊಳೆಯುವುದಾದರೂ ಸರಿ.

ನೀವು ಬರೀ ಒಂದು ಫಲಿತಾಂಶವಲ್ಲ

ನಾಲ್ಕೈದು ವರ್ಷ ಒಂದೇ ಗುರಿಯ ಹಿಂದೆ ಹೋದವರು ಕ್ರಮೇಣ ಆ ಗುರಿಯೇ ತಾವು ಎಂದುಕೊಳ್ಳುತ್ತಾರೆ. ಅದು ಕೈತಪ್ಪಿದಾಗ ತಾವೇ ಇಲ್ಲವಾದಂತೆ ಅನ್ನಿಸುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ಪರೀಕ್ಷೆ, ನೌಕರಿಗಳನ್ನು ಬಿಟ್ಟು ನಿಮಗೆ ಬರುವ ಕೆಲಸಗಳನ್ನೂ, ನಿಮ್ಮನ್ನು ನೆಚ್ಚಿಕೊಂಡಿರುವ ಜನರನ್ನೂ ಬರೆಯಿರಿ. ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಕೆಟ್ಟ ಮೋಟಾರು ರಿಪೇರಿ ಮಾಡುವುದು, ಅಜ್ಜಿಗೆ ಪೇಪರು ಓದಿ ಹೇಳುವುದು - ಇವೆಲ್ಲವೂ ನೀವೇ. ಮರಳಿ ಪ್ರಯತ್ನಿಸುವುದಾದರೆ ಎಷ್ಟು ಸಲ, ಎಲ್ಲಿಯವರೆಗೆ ಎಂದು ಮೊದಲೇ ನಿರ್ಧರಿಸಿ; ಜೊತೆಗೆ ಇನ್ನೊಂದು ದಾರಿಯನ್ನೂ ತೆರೆದಿಡಿ.

ಮನೆಯವರಿಗೆ ಒಂದು ಮಾತು

‘ನಿನ್ನ ಜೊತೆಯವರೆಲ್ಲ ಸೆಟ್ಲ್ ಆದರು’ ಎಂಬ ಮಾತು ಬೇಡ. ಬಂಧುಗಳೆದುರು ಫಲಿತಾಂಶದ ಚರ್ಚೆ ಬೇಡ. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ಚಿಕಿತ್ಸೆಯಲ್ಲ. ಉಪದೇಶ ಕೊಡದೆ ಹತ್ತು ನಿಮಿಷ ಕೇಳಿಸಿಕೊಂಡರೆ ಅದೇ ದೊಡ್ಡ ಸಹಾಯ.

‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು, ಪ್ರೀತಿಯ ವಸ್ತುಗಳನ್ನು ಹಂಚುವುದು, ಎಲ್ಲರಿಂದ ಬೀಳ್ಕೊಂಡಂತೆ ನಡೆದುಕೊಳ್ಳುವುದು ಅಪಾಯದ ಸೂಚನೆಗಳು. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎದೆಯ ಭಾರ ಇಳಿಯುತ್ತದೆ. ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿ. ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಚಿಕಿತ್ಸೆ

ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಔಷಧಿ ಬೇಕಾದರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಚಿಕ್ಕ ವಯಸ್ಸಿನವರನ್ನು ಮೊದಲ ಕೆಲವು ವಾರ ಮನೆಯವರು ಗಮನಿಸುತ್ತಿರಬೇಕು. ಖಿನ್ನತೆಯ ಮಾತ್ರೆಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೆ ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಕೂಡದು. ಸಾಮಾನ್ಯವಾಗಿ ಚೇತರಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ.

ಎಲ್ಲಿ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಜ್ವರ ಬಂದಾಗ ಮುಚ್ಚಿಡದ ನಾವು ಮನಸ್ಸು ನೊಂದಾಗಲೂ ಮುಚ್ಚಿಡಬೇಕಾಗಿಲ್ಲ. ಇಪ್ಪತ್ತೈದರಲ್ಲಿ ಒಂದೆರಡು ವರ್ಷ ಹಿಂದೆ ಬಿದ್ದರೆ ಅದನ್ನು ಸರಿದೂಗಿಸಿಕೊಳ್ಳಲು ಮುಂದೆ ಬೇಕಾದಷ್ಟು ಕಾಲವಿದೆ.